ಎದುರಾಳಿಯ ಋಣ

ಮನೆಗೊಂದು ಕಂಪ್ಯೂಟರ್ ಕೊಳ್ಳೋಣ ಎಂದು ಹೊರಟವರ ಮುಂದೆ ಬಂದು ನಿಲ್ಲುವ ಪ್ರಶ್ನೆ ಒಂದೇ: ಇಂಟೆಲ್ಲೋ, ಎಎಂಡಿಯೋ? ಮಾನಿಟರ್ ಎಷ್ಟು ಇಂಚಿನದಿರಬೇಕು, ಕ್ಯಾಬಿನೆಟ್ ಕಪ್ಪೋ ಬಿಳಿಯೋ ಎಂಬುದನ್ನು ಮನೆಮಂದಿ ಕಾಫಿ ಕುಡಿಯುವಷ್ಟರಲ್ಲಿ ತೀರ್ಮಾನಿಸಿಬಿಡುತ್ತಾರೆ. ಪ್ರೊಸೆಸರ್ ವಿಷಯಕ್ಕೆ ಬಂದಾಗ ಮಾತ್ರ ಮಾತು ಕಗ್ಗಂಟಾಗುತ್ತದೆ. ಅಣ್ಣನ ಮಗ ಒಂದು ಹೇಳುತ್ತಾನೆ, ಆಫೀಸಿನ ಗೆಳೆಯ ಇನ್ನೊಂದು. ಒಬ್ಬರು ‘ನಮ್ಮದು ಮೊದಲಿಂದಲೂ ಇಂಟೆಲ್ಲೇ’ ಅಂದರೆ, ಮತ್ತೊಬ್ಬರು ‘ಈಗೆಲ್ಲ ಎಎಂಡಿ ರೈಜೆನ್ ಕಾಲ ಕಣ್ರೀ’ ಅನ್ನುತ್ತಾರೆ. ಎರಡೂ ಕಡೆ ಅಷ್ಟೇ ಅಭಿಮಾನ, ಅಷ್ಟೇ ಹಟ.

ತಮಾಷೆಯೆಂದರೆ, ಇಷ್ಟೆಲ್ಲ ಚರ್ಚೆಗೆ ಕಾರಣವಾದ ವಸ್ತು ಕೊಂಡ ಮೇಲೆ ಕಣ್ಣಿಗೇ ಬೀಳುವುದಿಲ್ಲ. ಅಂಗಡಿಯ ಹುಡುಗ ಅದನ್ನು ಮದರ್‌ಬೋರ್ಡಿನ ಚೌಕದಲ್ಲಿ ಕೂರಿಸಿ, ಪಕ್ಕದ ಸಣ್ಣ ಕಡ್ಡಿಯನ್ನು ಒತ್ತಿ, ಮೇಲೆ ಕಡಲೆಕಾಳಿನಷ್ಟು ಥರ್ಮಲ್ ಪೇಸ್ಟ್ ಹಾಕಿ ಫ್ಯಾನ್ ಬಿಗಿದರೆ ಮುಗಿಯಿತು. ಮುಂದಿನ ಆರೇಳು ವರ್ಷ ಅದರ ಮುಖ ನೋಡುವವರಿಲ್ಲ. ಕರೆಂಟ್ ಬಿಲ್ ಕಟ್ಟುವಾಗ, ಮಗಳ ಪ್ರಾಜೆಕ್ಟ್ ರಿಪೋರ್ಟ್ ಟೈಪ್ ಮಾಡುವಾಗ, ಒಳಗೆ ಕೂತು ದುಡಿಯುತ್ತಿರುವುದು ಯಾವ ಕಂಪನಿಯದು ಎಂದು ತಿಳಿಯುವುದೂ ಇಲ್ಲ. ಆದರೂ ಆರಿಸುವ ಹೊತ್ತಿಗೆ ಮನಸ್ಸು ಯಾವುದಾದರೂ ಒಂದು ಪಕ್ಷಕ್ಕೆ ಸೇರಬೇಕೆಂದು ತವಕಿಸುತ್ತದೆ. ಹಾಗೆ ಸೇರಬೇಕೇ ಎಂದು ಈ ಬೆಳಿಗ್ಗೆ ತುಸು ಸಾವಧಾನವಾಗಿ ಯೋಚಿಸಬಹುದು.

ಈ ಎರಡು ಕಂಪನಿಗಳೂ ಒಂದೇ ಮನೆಯಿಂದ ಹೊರಬಿದ್ದವು. ಕ್ಯಾಲಿಫೋರ್ನಿಯಾದ ಫೇರ್‌ಚೈಲ್ಡ್ ಸೆಮಿಕಂಡಕ್ಟರ್ ಬಿಟ್ಟು ಬಂದ ರಾಬರ್ಟ್ ನಾಯ್ಸ್ ಮತ್ತು ಗಾರ್ಡನ್ ಮೂರ್ 1968ರಲ್ಲಿ ಇಂಟೆಲ್ ಕಟ್ಟಿದರು. ಮರುವರ್ಷ ಅದೇ ಫೇರ್‌ಚೈಲ್ಡ್‌ನಿಂದ ಜೆರ್‍ರಿ ಸ್ಯಾಂಡರ್ಸ್ ತಮ್ಮ ಸಂಗಡಿಗರೊಂದಿಗೆ ಹೊರಬಂದು ಎಎಂಡಿ ಶುರುಮಾಡಿದರು. ಮೊದಲ ದಿನಗಳಲ್ಲಿ ಇವರಿಬ್ಬರ ನಡುವೆ ಈಗಿನಂಥ ಜಿದ್ದೇನೂ ಇರಲಿಲ್ಲ. ಎಎಂಡಿಗೆ ಪ್ರೊಸೆಸರ್ ಲೋಕದಲ್ಲಿ ಗಟ್ಟಿ ಜಾಗ ಸಿಕ್ಕಿದ್ದು ಒಬ್ಬ ಗಿರಾಕಿಯ ಮುಂದಾಲೋಚನೆಯಿಂದ.

ಆ ಗಿರಾಕಿ ಐಬಿಎಂ. 1981ರ ಆಗಸ್ಟಿನಲ್ಲಿ ಅದು ಹೊರತಂದ ಪಿಸಿಯೊಳಗೆ ಇದ್ದದ್ದು ಇಂಟೆಲ್‌ನ 8088 ಚಿಪ್. ಇಷ್ಟು ದೊಡ್ಡ ವ್ಯಾಪಾರವನ್ನು ಒಂದೇ ಕಂಪನಿಯ ಕೈಗೆ ಕೊಟ್ಟು ನಿಶ್ಚಿಂತೆಯಿಂದ ಇರಲು ಐಬಿಎಂ ತಯಾರಿರಲಿಲ್ಲ. ಅದೇ ಚಿಪ್ಪನ್ನು ಮಾಡಿಕೊಡುವ ಇನ್ನೊಬ್ಬರು ಇರಲೇಬೇಕು ಎಂದು ಪಟ್ಟು ಹಿಡಿಯಿತು. 1982ರ ಒಪ್ಪಂದದಲ್ಲಿ ಆ ಇನ್ನೊಬ್ಬರ ಜಾಗ ಎಎಂಡಿಗೆ ಸಿಕ್ಕಿತು. 386 ಚಿಪ್ ಬರುವ ವೇಳೆಗೆ ಇಂಟೆಲ್‌ಗೆ ಈ ಹಂಚಿಕೆ ಬೇಡವಾಯಿತು. ವರ್ಷಗಟ್ಟಲೆ ಪಂಚಾಯಿತಿ, ಕೋರ್ಟು ನಡೆಯಿತು. ಅದರ ನಡುವೆಯೇ 1991ರಲ್ಲಿ ಎಎಂಡಿ ತನ್ನದೇ 386 ಬಿಟ್ಟಿತು. ಅಲ್ಲಿಂದ ಅವರು ಎದುರಾಳಿಗಳು.

ಎದುರಾಳಿಗಳಾದರೂ ಒಬ್ಬರ ಕೆಲಸ ಇನ್ನೊಬ್ಬರಲ್ಲಿ ಬೆರೆಯುತ್ತಲೇ ಹೋಯಿತು. ‘ಪೆಂಟಿಯಂ ಪಿತಾಮಹ’ ಎಂದು ಹೆಸರಾದ ಪುಣೆಯಲ್ಲಿ ಹುಟ್ಟಿದ ವಿನೋದ್ ಧಾಮ್ ಇಂಟೆಲ್ ಬಿಟ್ಟು ನೆಕ್ಸ್‌ಜೆನ್ ಎಂಬ ಸಣ್ಣ ಕಂಪನಿ ಸೇರಿದರು. ಅದನ್ನು ಎಎಂಡಿ ಕೊಂಡುಕೊಂಡಿತು. ಪೆಂಟಿಯಂಗೆ ಪೈಪೋಟಿ ಕೊಡಲೆಂದು 1997ರಲ್ಲಿ ಬಂದ ಎಎಂಡಿಯ ಕೆ6 ಚಿಪ್ಪಿನ ಹಿಂದೆ ಅದೇ ಧಾಮ್ ಇದ್ದರು. ಮುಂದೆ 64 ಬಿಟ್ ಯುಗ ಬಂದಾಗ ಇಂಟೆಲ್ ಐಟೇನಿಯಂ ಎಂಬ ಹೊಸ ದಾರಿ ಹಿಡಿಯಿತು. ಎಎಂಡಿ ಹಳೆಯ ದಾರಿಯನ್ನೇ ಅಗಲ ಮಾಡಿ 2003ರಲ್ಲಿ ಹಳೆಯ ಸಾಫ್ಟ್‌ವೇರನ್ನೂ ಓಡಿಸಬಲ್ಲ 64 ಬಿಟ್ ಚಿಪ್ ಕೊಟ್ಟಿತು. ಜನ ಎಎಂಡಿಯ ದಾರಿಯನ್ನು ಮೆಚ್ಚಿದರು. 2004ರಲ್ಲಿ ಇಂಟೆಲ್ ಕೂಡ ಅದನ್ನೇ ಅಳವಡಿಸಿಕೊಂಡಿತು. ಇಂದಿಗೂ ಉಬುಂಟು ಇಳಿಸಿಕೊಳ್ಳಲು ಹೋದರೆ ಫೈಲಿನ ಹೆಸರಿನಲ್ಲಿ ‘ಎಎಂಡಿ64’ ಎಂದಿರುತ್ತದೆ. ಇಂಟೆಲ್ ಕಂಪ್ಯೂಟರಿಗೂ ಅದೇ ಫೈಲು. ‘ಅಪ್ಪಟ ಇಂಟೆಲ್’ ಎಂದು ನಾವು ತೋರಿಸುವ ಯಂತ್ರ ಎದುರಾಳಿಯ ಸೂಚನೆಗಳನ್ನು ಪಾಲಿಸಿಕೊಂಡೇ ಓಡುತ್ತಿರುತ್ತದೆ. ಎಎಂಡಿ ಅಭಿಮಾನಿಯ ಯಂತ್ರದ ಬುನಾದಿ ಇಂಟೆಲ್ ಹಾಕಿದ್ದು.

ಇಬ್ಬರಲ್ಲಿ ಒಬ್ಬರು ಸೋತು ಸುಣ್ಣವಾದಾಗ ಏನಾಗುತ್ತದೆ ಎಂಬುದಕ್ಕೂ ಉದಾಹರಣೆಯಿದೆ. 2007ರ ಹೊತ್ತಿಗೆ ನಾಲ್ಕು ಕೋರ್‌ಗಳ ಪ್ರೊಸೆಸರ್ ಮನೆಯ ಕಂಪ್ಯೂಟರಿಗೆ ಬಂದಿತ್ತು. ಕೋರ್ ಎಂದರೆ ಪ್ರೊಸೆಸರಿನೊಳಗೆ ಲೆಕ್ಕ ಮಾಡುವ ಒಂದೊಂದು ಘಟಕ. 2011ರ ಎಎಂಡಿಯ ಬುಲ್ಡೋಜರ್ ಚಿಪ್‌ಗಳು ಬಿಸಿ ಜಾಸ್ತಿ, ವೇಗ ಕಮ್ಮಿ ಎನ್ನಿಸಿಕೊಂಡು ನೆಲಕಚ್ಚಿದವು. ಇಂಟೆಲ್ ಹೆದರಬೇಕಾದ ಎದುರಾಳಿ ಯಾರೂ ಉಳಿಯಲಿಲ್ಲ. ಅದರ ಸಾಮಾನ್ಯ ಡೆಸ್ಕ್‌ಟಾಪ್ ಸಾಲಿನಲ್ಲಿ ವರ್ಷ ವರ್ಷ ಹೊಸ ಹೆಸರು ಬಂದರೂ 2017ರ ಆರಂಭದವರೆಗೆ ಕೋರ್ ನಾಲ್ಕೇ. ಆ ಮಾರ್ಚಿನಲ್ಲಿ, ಲೀಸಾ ಸು ಮುನ್ನಡೆಸುತ್ತಿದ್ದ ಎಎಂಡಿ ಎಂಟು ಕೋರ್‌ಗಳ ರೈಜೆನ್ ಚಿಪ್ಪನ್ನು 499 ಡಾಲರಿಗೆ ತಂದಿಟ್ಟಿತು. ಆಗ ಇಂಟೆಲ್‌ನ ಎಂಟು ಕೋರ್ ಚಿಪ್ಪಿನ ಬೆಲೆ ಸಾವಿರ ಡಾಲರಿಗೂ ಮೇಲಿತ್ತು. ಅದೇ ವರ್ಷ ಅಕ್ಟೋಬರಿನಲ್ಲಿ ಇಂಟೆಲ್‌ನ ಸಾಮಾನ್ಯ ಸಾಲಿಗೆ ಆರು ಕೋರ್ ಬಂತು, ಮರುವರ್ಷ ಎಂಟು. ಹತ್ತು ವರ್ಷ ಆಗದಿದ್ದದ್ದು ಎರಡು ವರ್ಷದಲ್ಲಿ ಆಯಿತು.

ಹಾಗಾದರೆ ಎಎಂಡಿ ಸಾಧು, ಇಂಟೆಲ್ ಸ್ವಾರ್ಥಿ ಎನ್ನೋಣವೇ? ಅವಸರ ಬೇಡ. 2020ರಲ್ಲಿ ಮೇಲುಗೈ ಸಿಕ್ಕಿದೊಡನೆ ಎಎಂಡಿ ತನ್ನ ಆರು ಕೋರ್‌ಗಳ 5600ಎಕ್ಸ್ ಚಿಪ್ಪಿಗೆ 299 ಡಾಲರ್ ಬೆಲೆ ಇಟ್ಟಿತು. ಹಿಂದಿನ ಪೀಳಿಗೆಯ 3600ಎಕ್ಸ್ 249 ಡಾಲರಿಗೆ ಬಂದಿತ್ತು. ಇಂಟೆಲ್ ತನ್ನ 12ನೇ ಪೀಳಿಗೆಯ ಅಗ್ಗದ ಐ5 ಚಿಪ್‌ಗಳೊಂದಿಗೆ ಮೈಕೊಡವಿ ಎದ್ದ ಮೇಲೆ, 2022ರ ಏಪ್ರಿಲಿನಲ್ಲಿ ಎಎಂಡಿ ಹೆಚ್ಚುಕಮ್ಮಿ ಅದೇ ಶಕ್ತಿಯ 5600 ಅನ್ನು 199 ಡಾಲರಿಗೆ ಮಾರುಕಟ್ಟೆಗೆ ಇಳಿಸಿತು. ಅಂದರೆ ಒಳ್ಳೆಯತನ ಇವರ ಹೆಸರಿನಲ್ಲಿಲ್ಲ. ಪಕ್ಕದಲ್ಲಿ ಇನ್ನೊಬ್ಬ ಓಡುತ್ತಿದ್ದಾನೆ ಎಂಬ ಎಚ್ಚರದಲ್ಲಿದೆ. ಜೋಡುಕರೆ ಕಂಬಳದಲ್ಲಿ ಪಕ್ಕದ ಕರೆ ಖಾಲಿ ಬಿದ್ದರೆ ಕೋಣಗಳು ಓಡುವುದು ಹೇಗೋ, ನೋಡುವವರ ಕೇಕೆಯಂತೂ ಏಳುವುದಿಲ್ಲ.

ಇಷ್ಟು ತಿಳಿದರೆ ‘ಯಾವ ಕಂಪನಿ’ ಎಂಬ ಪ್ರಶ್ನೆಯ ಭಾರ ಅರ್ಧ ಇಳಿಯುತ್ತದೆ. ಉಳಿದರ್ಧ ಇಳಿಸುವುದು ಅಂಗಡಿಯವರು. ಬೆಂಗಳೂರಿನ ಎಸ್.ಪಿ. ರೋಡಿನ ಒಂದು ಅಂಗಡಿಯಲ್ಲಿ ಹೀಗೊಂದು ಮಾತುಕತೆ ಕಿವಿಗೆ ಬಿದ್ದಿತ್ತು. ನಿವೃತ್ತ ಮೇಷ್ಟ್ರೊಬ್ಬರು ಮಗಳ ಜೊತೆ ಬಂದಿದ್ದರು. ಕೈಯಲ್ಲಿ ಚೀಟಿ, ಚೀಟಿಯಲ್ಲಿ ಯಾರೋ ಬರೆದುಕೊಟ್ಟ ಮಾಡೆಲ್ ನಂಬರು.

“ಇದೇ ಬೇಕಪ್ಪ, ಇಂಟೆಲ್ ಐ5. ಇದಕ್ಕಿಂತ ಎಎಂಡಿ ಒಳ್ಳೇದು ಅಂತಾಳೆ ಇವಳು.”

“ಎರಡೂ ಚೆನ್ನಾಗಿದೆ ಸಾರ್. ಏನ್ ಕೆಲಸಕ್ಕೆ ಹೇಳಿ.”

“ನಾನು ಸ್ವಲ್ಪ ಬರೆಯೋದು. ಇವಳದು ಕಾಲೇಜಿನ ಕೋಡಿಂಗು.”

“ಗೇಮ್ ಆಡ್ತೀರೇನಮ್ಮ?”

“ಇಲ್ಲ ಅಂಕಲ್.”

ಅಂಗಡಿಯವರು ಚೀಟಿಯನ್ನು ಮತ್ತೊಮ್ಮೆ ನೋಡಿ ನಂಬರಿನ ಕೊನೆಯ ಅಕ್ಷರದ ಮೇಲೆ ಬೆರಳಿಟ್ಟರು. “ಹಾಗಾದ್ರೆ ಈ ಎಫ್ ಇರೋದು ಬೇಡ ಸಾರ್. ಇದರೊಳಗೆ ಗ್ರಾಫಿಕ್ಸ್ ಇರಲ್ಲ. ಬೇರೆ ಕಾರ್ಡ್ ಹಾಕ್ದಿದ್ರೆ ಡಿಸ್‌ಪ್ಲೇನೇ ಬರಲ್ಲ. ಎಎಂಡಿ ಆದ್ರೂ ಅಷ್ಟೇ, 5600 ತಗೊಂಡ್ರೆ ಕಾರ್ಡ್ ಬೇಕು, 5600ಜಿ ಆದ್ರೆ ಬೇಡ.”

ಅಪ್ಪ ಮಗಳು ಮುಖ ಮುಖ ನೋಡಿಕೊಂಡರು. ಹೆಸರಿನ ಮೇಲೆ ಅಷ್ಟು ಹೊತ್ತು ವಾದ ಮಾಡಿದ್ದವರಿಗೆ ನಿಜವಾಗಿ ಬೇಕಿದ್ದದ್ದು ಕೊನೆಯ ಅಕ್ಷರದ ಅರಿವು. ಅದನ್ನು ಹೊರತೆಗೆದದ್ದು ‘ಏನ್ ಕೆಲಸಕ್ಕೆ’ ಎಂಬ ಒಂದು ಮಾತು.

ಆ ಮಾತಿಗೆ ನೆಟ್ಟಗೆ ಉತ್ತರ ಕೊಟ್ಟುಕೊಳ್ಳುವುದು ಕಾಣುವಷ್ಟು ಸುಲಭವಲ್ಲ. ನಾವು ಮಾಡುವ ಕೆಲಸ ಒಂದು, ಮಾಡಬಹುದು ಎಂದುಕೊಂಡಿರುವ ಕೆಲಸ ಇನ್ನೊಂದು. ಎಂದಾದರೂ ವಿಡಿಯೊ ಎಡಿಟಿಂಗ್ ಕಲಿತೇನು, ಎಂದಾದರೂ ದೊಡ್ಡ ಗೇಮ್ ಆಡಿಯೇನು ಎಂಬ ಆಸೆಗೆ ಪ್ರೊಸೆಸರ್ ಕೊಳ್ಳುವವರೇ ಹೆಚ್ಚು. ದಿನವೂ ವಿಡಿಯೊ ಕತ್ತರಿಸಿ ಜೋಡಿಸುವವರಿಗೆ ಇಂಟೆಲ್ ಚಿಪ್ಪಿನೊಳಗೆ ವಿಡಿಯೊ ಕೆಲಸಕ್ಕೆಂದೇ ಇರುವ ಕ್ವಿಕ್ ಸಿಂಕ್ ಸೌಲಭ್ಯ ಒದಗಿಬರುತ್ತದೆ. ಗೇಮಿನಲ್ಲೇ ಜೀವ ಇಟ್ಟವರು ಎಎಂಡಿಯ ಎಕ್ಸ್3ಡಿ ಚಿಪ್‌ಗಳನ್ನು ಹುಡುಕುವುದಕ್ಕೆ ಕಾರಣವಿದೆ. ಮದರ್‌ಬೋರ್ಡ್ ಬದಲಿಸದೆ ಮುಂದೆ ಚಿಪ್ ಮಾತ್ರ ಬದಲಿಸುವ ಯೋಚನೆ ಇದ್ದವರು ಸಾಕೆಟ್ ಎಷ್ಟು ವರ್ಷ ಬಾಳುತ್ತದೆ ಎಂದು ಕೇಳಬೇಕು. ಎಎಂಡಿಯ ಎಎಂ4 ಸಾಕೆಟ್ಟಿನ ಹಲವು 2017ರ ಬೋರ್ಡುಗಳಿಗೆ, ಬಯೋಸ್ ಅಪ್‌ಡೇಟ್ ಮಾಡಿದ ಮೇಲೆ, 2022ರ ಚಿಪ್ ಕೂಡ ಕೂತಿತು. ಇವಾವುವೂ ಅಲ್ಲದ ಸಾಮಾನ್ಯ ಮನೆಗೆ ಇಬ್ಬರ ನಡುಬೆಲೆಯ ಚಿಪ್ಪೂ ಸಾಕು, ಸಾಕಾಗಿ ಮಿಗುತ್ತದೆ. ಮಿಕ್ಕ ಹಣ 16 ಜಿಬಿ ರ‍್ಯಾಮ್‌ಗೋ ಒಳ್ಳೆಯ ಎಸ್‌ಎಸ್‌ಡಿಗೋ ಹೋದರೆ ದಿನನಿತ್ಯ ಅನುಭವಕ್ಕೆ ಬರುತ್ತದೆ. ನಂಬಿಕಸ್ಥ ಎಸ್‌ಎಂಪಿಎಸ್‌ಗೆ ಹೋದರೆ ಇಡೀ ಯಂತ್ರದ ಆಯುಸ್ಸು ಕಾಯುತ್ತದೆ.

ಆದರೂ ಪಕ್ಷ ಕಟ್ಟುವ ಚಪಲ ಕೊಂಡ ಮೇಲೂ ಬಿಡುವುದಿಲ್ಲ. ಹಣ ಕೊಟ್ಟ ಮರುದಿನದಿಂದ ಮನಸ್ಸು ತನ್ನ ಆಯ್ಕೆಗೆ ವಕೀಲನಾಗಿ ನಿಲ್ಲುತ್ತದೆ. ಎದುರು ಕಂಪನಿಯ ಚಿಪ್ ಎಲ್ಲೋ ಬಿಸಿಯಾಯಿತಂತೆ ಎಂದು ಕೇಳಿದರೆ ಒಳಗೊಳಗೇ ಖುಷಿ. ನಮ್ಮದಕ್ಕಿಂತ ವೇಗದ್ದು ಬಂತು ಎಂದರೆ ಮುಖ ಸಣ್ಣದು. ಆ ಕಂಪನಿಗಳಲ್ಲಿ ದುಡಿಯುವವರಿಗೇ ಇಷ್ಟು ತಾಪವಿರಲಾರದು. ಇಂಟೆಲ್‌ನ ಆರು ಕೋರ್‌ಗಳ ಜಿಯಾನ್ 7400 ರೂಪುಗೊಂಡದ್ದು ಬೆಂಗಳೂರಿನಲ್ಲಿ, 2008ರಲ್ಲಿ. ಎಎಂಡಿ ತನ್ನ ಅತಿ ದೊಡ್ಡ ವಿನ್ಯಾಸ ಕೇಂದ್ರವನ್ನು 2023ರ ನವೆಂಬರಿನಲ್ಲಿ ತೆರೆದದ್ದೂ ಇದೇ ಊರಿನಲ್ಲಿ. ಒಂದೇ ಬಡಾವಣೆಯಿಂದ ಬೆಳಿಗ್ಗೆ ಇಬ್ಬರು ಹೊರಟು ಒಬ್ಬರು ಅಲ್ಲಿಗೆ, ಇನ್ನೊಬ್ಬರು ಇಲ್ಲಿಗೆ ಕೆಲಸಕ್ಕೆ ಹೋಗಬಹುದು. ಹೆಚ್ಚಿನ ಸಂಬಳ ಸಿಕ್ಕರೆ ಮುಂದಿನ ತಿಂಗಳು ಅದಲುಬದಲೂ ಆಗಬಹುದು. ಅವರಿಗಿಲ್ಲದ ವೈರವನ್ನು ಸಾಕಲು ನಮಗೇನು ಬಿಡುವಿದೆ?

ನಾವು ಇಂಟೆಲ್ ಪೆಟ್ಟಿಗೆ ತಂದರೆ ಅದರಲ್ಲಿರುವ ಹೆಚ್ಚಿನ ಕೋರ್‌ಗಳಿಗೆ ಎಎಂಡಿಯ ಋಣವಿದೆ. ಎಎಂಡಿ ಪೆಟ್ಟಿಗೆ ತಂದರೆ ಅದರ ಇಳಿದ ಬೆಲೆಗೆ ಇಂಟೆಲ್‌ನ ಋಣವಿದೆ. ಯಾವುದನ್ನು ತಂದರೂ ಬಿಟ್ಟು ಬಂದದ್ದರ ಒಂದು ಪಾಲು ಜೊತೆಗೇ ಬಂದಿರುತ್ತದೆ. ಆದ್ದರಿಂದ ಆರಿಸುವಾಗ ನಮ್ಮ ಕೆಲಸ ನೋಡೋಣ, ಜೇಬು ನೋಡೋಣ, ಆ ಕೊನೆಯ ಅಕ್ಷರ ನೋಡೋಣ. ಆರಿಸಿದ ಮೇಲೆ ಇನ್ನೊಂದು ಕಂಪನಿಯೂ ಗಟ್ಟಿಯಾಗಿ ಬಾಳಲಿ ಎಂದು ಹಾರೈಸೋಣ. ಇದರಲ್ಲಿ ದೊಡ್ಡ ಔದಾರ್ಯವೇನೂ ಇಲ್ಲ. ಆರೇಳು ವರ್ಷ ಕಳೆದು ಮತ್ತೆ ಅಂಗಡಿಗೆ ಹೋದಾಗ ನಮ್ಮ ಪರವಾಗಿ ಚೌಕಾಶಿ ಮಾಡಲು ಅಲ್ಲಿ ಆ ಇನ್ನೊಬ್ಬ ಇರಲೇಬೇಕಲ್ಲ.