ನಮ್ಮಲ್ಲಿಲ್ಲದ ಋತುವಿನ ಬಣ್ಣ

ಇಂಗ್ಲಿಷಿನ ಆಟಮ್ ಅನ್ನು ನಾವು ಶರದೃತು ಎಂದು ಕರೆದುಕೊಂಡು ಬಹಳ ಕಾಲವಾಯಿತು. ತಿಂಗಳುಗಳ ಲೆಕ್ಕದಲ್ಲಿ ಅದು ಸರಿಯೇ. ಆದರೆ ಅಲ್ಲಿಯದು ಎಲೆ ಉದುರುವ ಕಾಲ. ನಮ್ಮ ಶರತ್ತು ಮಳೆ ತೊಳೆದ ಆಕಾಶದ, ತುಂಬಿದ ಹೊಳೆಯ, ಹಸಿರು ಪೈರಿನ ಕಾಲ. ಎಲೆ ಉದುರಿಸುವ ಕೆಲಸವನ್ನು ನಮ್ಮ ಪಂಚಾಂಗ ಶಿಶಿರಕ್ಕೆ ವಹಿಸಿದೆ. ಅನುವಾದದಲ್ಲಾದ ಈ ಸಣ್ಣ ಪಲ್ಲಟ ಈಗ ಮನೆಯಂಗಳಕ್ಕೂ ಬಂದಿದೆ. ಸಿನಿಮಾಗಳಲ್ಲಿ, ಫೋನಿನ ಪರದೆಯ ಮೇಲೆ ಕೆನಡಾದ ಕೆಂಪು ಮೇಪಲ್ ನೋಡಿ ಬೆಳೆದ ಕಣ್ಣಿಗೆ ಅಕ್ಟೋಬರಿನಲ್ಲಿ ಅಂಗಳವೂ ಹಾಗೇ ಆಗಬೇಕು ಅನ್ನಿಸುತ್ತದೆ. ಜೊತೆಗೆ ಪರಿಸರದ ಕಾಳಜಿಯೂ ಇರುವುದರಿಂದ ಗಿಡ ನಮ್ಮ ನೆಲದ್ದೇ ಆಗಿರಲಿ ಎಂಬ ಆಸೆ ಬೇರೆ. ಆ ಬಣ್ಣ ಕೊಡುವ ಸ್ಥಳೀಯ ಗಿಡ ಯಾವುದು?

ಪ್ರಶ್ನೆ ತೋಟಗಾರಿಕೆಯದ್ದು ಅನ್ನಿಸಿದರೂ ಅದರ ತಿರುಳು ನೈತಿಕವಾದದ್ದು ಎಂಬುದು ನನ್ನ ವಾದ. ಗಿಡ ಇಲ್ಲಿಯದು, ಬಯಕೆ ಮಾತ್ರ ಬೇರೆಡೆಯದು ಎಂದಾದರೆ ನಾವು ಆರಿಸಿದ್ದನ್ನು ಸ್ಥಳೀಯ ಅನ್ನಬಹುದೆ?

ದುಬಾರೆಯನ್ನೇ ನೋಡಿ. ಕಾವೇರಿಯ ದಡದ ಈ ಎಲೆಯುದುರುವ ಕಾಡಿನಲ್ಲಿ ತೇಗ, ಬೀಟೆ, ಮತ್ತಿ, ನಂದಿ, ಬಿದಿರು ಇವೆ. ಅಕ್ಟೋಬರಿನಲ್ಲಿ ಇವೆಲ್ಲ ಹಸಿರೋ ಹಸಿರು. (ಆ ದಿನಗಳಲ್ಲಿ ದುಬಾರೆಯ ಬಣ್ಣ ನೋಡಬೇಕೆಂದರೆ ಮೈಸೂರಿಗೇ ಹೋಗಬೇಕು, ಶಿಬಿರದ ಕೆಲವು ಆನೆಗಳು ಮುಖಕ್ಕೆ ಚಿತ್ತಾರ ಬರೆಸಿಕೊಂಡು ದಸರಾ ಮೆರವಣಿಗೆಯಲ್ಲಿರುತ್ತವೆ.) ಎಲೆ ಉದುರುವುದು ಚಳಿಗಾಲ ಕಳೆದು ನೆಲ ಒಣಗುವಾಗ. ಅದರ ಬೆನ್ನಿಗೇ, ಫೆಬ್ರವರಿ ಮಾರ್ಚಿನಲ್ಲಿ, ಕೆಂಪು ಬರುತ್ತದೆ: ಮುತ್ತುಗ, ಬೂರುಗಗಳ ಹೂವಾಗಿ, ಸಾಗಡೆಯ ಚಿಗುರಾಗಿ. ದೂರದಿಂದ ಸಾಗಡೆ ಮರ ಕಂಡವರು ಅದು ಹೂ ಬಿಟ್ಟಿದೆ ಎಂದೇ ತಿಳಿಯುತ್ತಾರೆ.

ಶೀತದೇಶದ ಎಲೆಯಲ್ಲಿ ಪತ್ರಹರಿತ್ತು ಕರಗುತ್ತಿದ್ದಂತೆ ಅಡಗಿದ್ದ ಹಳದಿ ಹೊರಬೀಳುತ್ತದೆ. ಹಲವು ಮರಗಳಲ್ಲಿ ಆಂಥೋಸಯಾನಿನ್ ಎಂಬ ಕೆಂಪು ದ್ರವ್ಯ ಹೊಸದಾಗಿ ತಯಾರಾಗುತ್ತದೆ; ಅದಕ್ಕೆ ಹಗಲು ಒಳ್ಳೆಯ ಬಿಸಿಲು, ರಾತ್ರಿ ತಣ್ಣನೆಯ ಚಳಿ ಬೇಕು. ನಮ್ಮ ಸಾಗಡೆ, ಮಾವು, ನಾಗಸಂಪಿಗೆ, ದಾಲ್ಚಿನ್ನಿಗಳ ಎಳೆಚಿಗುರಿನಲ್ಲಿರುವುದೂ ಅದೇ ಬಗೆಯ ದ್ರವ್ಯ. ಪತ್ರಹರಿತ್ತು ಇನ್ನೂ ತುಂಬದ ಎಲೆಗೆ ಅದು ಬಿಸಿಲಿನಿಂದ ರಕ್ಷಣೆ ಎಂದು ಸಸ್ಯವಿಜ್ಞಾನಿಗಳು ವಿವರಿಸುತ್ತಾರೆ. ಅಲ್ಲಿ ಮುಪ್ಪಿನ ಬಣ್ಣ ಯಾವುದೋ ಇಲ್ಲಿ ಬಾಣಂತಿ ಮನೆಯ ಬಣ್ಣವೂ ಅದೇ. ಅಕ್ಟೋಬರಿನಲ್ಲೇ ಕೆಂಪು ಬೇಕೆಂದು ಹಟ ಹಿಡಿದವನು ಮಾರ್ಚಿನ ಕೆಂಪನ್ನು ನೋಡದೆ ಹೋಗುತ್ತಾನೆ. ಅಷ್ಟೇ ಆಗಿದ್ದರೆ ಅದು ಅವನ ನಷ್ಟ, ನಾನು ಇಷ್ಟು ಬರೆಯಬೇಕಿರಲಿಲ್ಲ.

ನಷ್ಟ ಬೇಲಿ ದಾಟುತ್ತದೆ. 1809ರ ಸುಮಾರಿಗೆ ಕೋಲ್ಕತ್ತಾದ ಸಸ್ಯೋದ್ಯಾನಕ್ಕೆ ಲಂಟಾನ ಬಂದದ್ದು ಅಂದದ ಗಿಡವಾಗಿ. ಹಳದಿಯಿಂದ ಕಿತ್ತಳೆಗೆ, ಕೆಂಪಿಗೆ ತಿರುಗುವ ಅದರ ಹೂಗೊಂಚಲು ಈಗಲೂ ಚೆಂದವೇ. ಇಂದು ಅದು ಬಂಡೀಪುರ, ನಾಗರಹೊಳೆಗಳ ನೆಲ ಮುಚ್ಚಿದೆ. ಹುಲ್ಲು ಬೆಳೆಯಬೇಕಾದಲ್ಲಿ ಆನೆ ತಿನ್ನದ ಪೊದೆ ಬೆಳೆದಿದೆ. ಮೈತುಂಬ ಹಳದಿ ಹೂ ಬಿಡುವ ಅಮೆರಿಕ ಮೂಲದ ಸೆನ್ನಾ ಸ್ಪೆಕ್ಟಾಬಿಲಿಸ್ ವಯನಾಡಿನ ಕಾಡಿನಲ್ಲೂ ಈ ಕಡೆಯ ಕಾಡಿನಲ್ಲೂ ಅದೇ ದಾರಿ ಹಿಡಿದಿದೆ. ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ನೆಟ್ಟವರಲ್ಲಿ ಕೆಟ್ಟ ಉದ್ದೇಶ ಇರಲಿಲ್ಲ. ಚೆಂದ ಬೇಕಿತ್ತು, ಅಷ್ಟೇ. ಕಾಡಿನ ಅಂಚಿನಲ್ಲಿರುವ ಮನೆಯವರಿಗೆ 'ನನ್ನ ಅಂಗಳ, ನನ್ನ ಇಷ್ಟ' ಎನ್ನುವ ಮಾತು ಅದಕ್ಕೇ ಅಷ್ಟು ಸಲೀಸಾಗಿ ಸಿಗುವುದಿಲ್ಲ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಅದನ್ನು ತಳ್ಳಿಹಾಕುವಂತಿಲ್ಲ. ಕೊಡಗು ನಿಂತಿರುವುದೇ ಹೊರಗಿನ ಗಿಡದ ಮೇಲಲ್ಲವೆ? ಕಾಫಿ ಆಫ್ರಿಕಾದ್ದು, ನೆರಳಿಗೆ ನೆಟ್ಟ ಸಿಲ್ವರ್ ಓಕ್ ಆಸ್ಟ್ರೇಲಿಯಾದ್ದು, ಪಂದಿಕರಿಯ ಮೆಣಸಿನಪುಡಿಯೂ ಮೂಲತಃ ಅಮೆರಿಕದ್ದೇ. ಇನ್ನೂ ದೊಡ್ಡ ಭಯವೆಂದರೆ 'ಮೂಲ', 'ಹೊರಗಿನ' ಎಂಬ ಪದಗಳು ಗಿಡದ ಮೇಲೆ ನಿಲ್ಲುವುದಿಲ್ಲ. ತೋಟದ ಲೈನ್ ಮನೆಗಳಲ್ಲಿ ಅಸ್ಸಾಮಿನಿಂದ ಬಂದ ಕೂಲಿಕಾರರಿದ್ದಾರೆ. ಆ ಪದಗಳು ಅವರ ಕಡೆ ತಿರುಗಲು ಎಷ್ಟು ಹೊತ್ತು? ಇನ್ನೊಂದು ಕಡೆ, ಯಾವ ಲೆಕ್ಕದಲ್ಲಿ ನೋಡಿದರೂ ಈ ನೆಲದ ಮೂಲದವರಾದ ಜೇನುಕುರುಬರಿಗೆ ಆ ಪದದಿಂದ ರಕ್ಷಣೆಯೂ ಸಿಕ್ಕಿಲ್ಲ. 2016ರ ಡಿಸೆಂಬರಿನಲ್ಲಿ ದಿಡ್ಡಳ್ಳಿಯಲ್ಲಿ ಐನೂರಕ್ಕೂ ಹೆಚ್ಚು ಆದಿವಾಸಿ ಕುಟುಂಬಗಳ ಗುಡಿಸಲು ಕೆಡವಿದಾಗ ಅವರಲ್ಲಿ ಜೇನುಕುರುಬರೂ ಇದ್ದರು. ಮೂಲದ ಮರಕ್ಕೆ ಸಿಗುವ ಗೌರವ ಮೂಲದ ಮನುಷ್ಯನಿಗೆ ಸಿಗಲಿಲ್ಲ.

ಹಾಗಾಗಿ ಗಿಡದ ವಿಷಯದಲ್ಲೂ ಹುಟ್ಟೂರು ಕೇಳುವುದಕ್ಕಿಂತ ಅದು ಪಕ್ಕದವರ ಜೊತೆ ಹೇಗೆ ಬಾಳುತ್ತದೆ ಎಂದು ಕೇಳುವುದು ಸರಿ. ಇಲ್ಲಿಯ ಗಿಡ ಮೇಲು ಅನ್ನುವುದು ಅದರ ರಕ್ತಶುದ್ಧಿಗಾಗಿ ಅಲ್ಲ; ಅದರ ಹೂವಿಗೆ ಬರುವ ಸೂರಕ್ಕಿ, ಎಲೆ ತಿನ್ನುವ ಹುಳು, ಬೀಜ ಹೊರುವ ಹಕ್ಕಿ ಎಲ್ಲವೂ ಸಾವಿರಾರು ವರ್ಷಗಳಿಂದ ಹೊಂದಿಕೊಂಡಿವೆ ಎಂಬುದಕ್ಕೆ. ಈ ವಾದವನ್ನು ಮನುಷ್ಯರಿಗೆ ಅನ್ವಯಿಸಲಾಗದು. ಗಿಡಗಳನ್ನು ಆರಿಸಿ ನೆಡುವ ಒಬ್ಬ ಯಜಮಾನ ಅಂಗಳಕ್ಕಿರುತ್ತಾನೆ. ಊರಿಗೆ ಅಂಥ ಯಜಮಾನ ಇಲ್ಲ, ಇರಕೂಡದು. ಬಂದ ಮನುಷ್ಯ ಮಾತಾಡಬಲ್ಲ, ಹೊಂದಿಕೊಳ್ಳಬಲ್ಲ, ತನ್ನ ಪಾಲು ಕೇಳಬಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಬಣ್ಣ ಬೇಕೇ ಬೇಕು ಎನ್ನುವವರಿಗೆ ಕೊಡವರ ತೋಕ್‌ಪೂ ಇದೆ, ಬಯಲುಸೀಮೆಯವರ ಗೌರಿ ಹೂ. ಸೆಪ್ಟೆಂಬರ್ 3ರ ಕೈಲ್‌ಮುಹೂರ್ತದಂದು ಕೋವಿಯ ನಳಿಗೆಗೆ ಸಿಕ್ಕಿಸುವುದು ಇದನ್ನೇ. ಹಸಿರು ಛಾಯೆಯಲ್ಲಿ ಅರಳುವ ದಳ ದಿನಗಳೆದಂತೆ ಹಳದಿಯಾಗಿ, ತುದಿಯಿಂದ ಕೆಂಪೇರುತ್ತದೆ. ಎಲ್ಲೋ ಮೇಪಲ್ ಎಲೆ ಮಾಡುವ ಆಟವನ್ನು ಈ ಬಳ್ಳಿ ಹೂವಿನಲ್ಲೇ ಆಡಿ ಮುಗಿಸುತ್ತದೆ. ಗಡ್ಡೆಯಿಂದ ಬೀಜದವರೆಗೆ ಎಲ್ಲವೂ ವಿಷ, ಚಿಕ್ಕ ಮಕ್ಕಳಿರುವ ಮನೆಯಲ್ಲಿ ಬೇಡ. ಸಾಗಡೆ ದೊಡ್ಡ ಮರ, ಸಣ್ಣ ಅಂಗಳಕ್ಕೆ ಹೊಂದದು. ದಾಲ್ಚಿನ್ನಿ ಆಗುತ್ತದೆ. ಅಶೋಕವೂ ಆಗುತ್ತದೆ, ಗೋಪುರದಂತೆ ನೆಟ್ಟಗೆ ಬೆಳೆಯುವ ಆ ಶೋಕಿ ಮರವಲ್ಲ, ತಾಮ್ರದ ಬಣ್ಣದ ಚಿಗುರು ಇಳಿಬಿಡುವ ನಿಜವಾದ ಸೀತಾಶೋಕ. ಇವೆರಡೂ ಅಕ್ಟೋಬರಿನಲ್ಲಿ ಹಸಿರಾಗಿ ಸುಮ್ಮನಿರುತ್ತವೆ. ಕಾವೇರಿ ಇಳಿದು, ರಾಫ್ಟಿಂಗ್ ನಿಂತು, ದುಬಾರೆಯಲ್ಲಿ ಬಂಡೆಯಿಂದ ಬಂಡೆಗೆ ಕಾಲಿಟ್ಟು ಆಚೆ ದಡ ಸೇರುವ ದಿನಗಳಲ್ಲಿ ಕೆಂಪು ಬರುತ್ತದೆ.