ಎರಡು ಬಗೆಯ ‘ಗೊತ್ತಿಲ್ಲ’



ಟಿ.ವಿ.ಯಲ್ಲಿ ರಸಪ್ರಶ್ನೆ ಸ್ಪರ್ಧೆ ಬರುತ್ತಿರುವಾಗ ಮನೆಮಂದಿಯನ್ನು ಗಮನಿಸಿ ನೋಡಿ. ಮೊದಲ ಸುತ್ತುಗಳ ಹೊತ್ತಿಗೆ ತಾಯಿ ಅಡುಗೆಮನೆಗೆ ಹೋಗಿಬರುತ್ತಿರುತ್ತಾರೆ, ತಂದೆ ಪತ್ರಿಕೆ ತಿರುವುತ್ತಿರುತ್ತಾರೆ. ಸೆಮಿಫೈನಲ್ ಬಂತೆಂದರೆ ಮಾತ್ರ ಎಲ್ಲರೂ ಒಂದೆಡೆ ಕೂರುತ್ತಾರೆ. ಅಲ್ಲಿ ಕುಳಿತ ಸ್ಪರ್ಧಿಗಳೆಲ್ಲರೂ ಆಗಲೇ ಗೆದ್ದು ಬಂದವರು, ಯಾರೂ ಸಾಮಾನ್ಯರಲ್ಲ. ಆದರೂ ಹೆಚ್ಚಿನವರು ಅಂದೇ ಮನೆಗೆ ಮರಳಬೇಕು. ಫೈನಲ್‌ನಲ್ಲಿ ಸೋತವರಿಗೆ ಫೈನಲ್ ತಲುಪಿದ ಕೀರ್ತಿಯಾದರೂ ಉಂಟು. ಸೆಮಿಫೈನಲ್‌ನಲ್ಲಿ ಸೋತವರನ್ನು ನೆನಪಿಡುವವರು ಕಡಿಮೆ.

ಇಂಥ ಸ್ಪರ್ಧೆಗಳಲ್ಲಿ ಬಿ.ಬಿ.ಸಿ.ಯ ‘ಮಾಸ್ಟರ್‌ಮೈಂಡ್’ ಹೆಸರಾದದ್ದು. ಇದು 1972ರಲ್ಲಿ ಆರಂಭವಾಯಿತು. ಇದರ ಭಾರತೀಯ ರೂಪವನ್ನು ಸಿದ್ಧಾರ್ಥ ಬಸು ಅವರು 1998ರಿಂದ ಕೆಲವು ವರ್ಷ ನಡೆಸಿಕೊಟ್ಟದ್ದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಕತ್ತಲಾದ ವೇದಿಕೆ, ನಡುವೆ ಒಂದು ಕಪ್ಪು ಕುರ್ಚಿ, ಅದರ ಮೇಲೆ ಮಾತ್ರ ಬೀಳುವ ಬೆಳಕು. ಸ್ಪರ್ಧಿ ಒಂಟಿಯಾಗಿ ಅಲ್ಲಿ ಕೂರಬೇಕು. ಮೊದಲು ತಾನೇ ಆರಿಸಿಕೊಂಡ ವಿಷಯದ ಮೇಲೆ ಪ್ರಶ್ನೆಗಳು, ಆಮೇಲೆ ಸಾಮಾನ್ಯ ಜ್ಞಾನ.

ಆ ಕುರ್ಚಿ ಹುಟ್ಟಿದ ಕಥೆ ಕೇಳುವಂಥದು. ಕಾರ್ಯಕ್ರಮವನ್ನು ರೂಪಿಸಿದ ಬಿಲ್ ರೈಟ್ ಎಂಬವರು ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ವಾಯುಪಡೆಯಲ್ಲಿದ್ದು ಜರ್ಮನರ ಕೈಗೆ ಸೆರೆಸಿಕ್ಕವರು. ನಾಜಿಗಳ ಗುಪ್ತ ಪೊಲೀಸರಾದ ಗೆಸ್ಟಾಪೊ ಅವರನ್ನು ವಿಚಾರಣೆಗೆ ಗುರಿಪಡಿಸಿತ್ತು. ಆ ಕಹಿ ನೆನಪಿನಿಂದಲೇ ಕತ್ತಲೆ, ಬೆಳಕು, ಒಂಟಿ ಕುರ್ಚಿ ಮತ್ತು ಬಿಡುವಿಲ್ಲದ ಪ್ರಶ್ನೆಗಳ ಈ ಆಟ ಮೂಡಿತು. ಮನುಷ್ಯನನ್ನು ಕುಗ್ಗಿಸಲು ಬಳಸಿದ್ದನ್ನೇ ಅವರು ಜನರು ಸಂತೋಷದಿಂದ ಕೂತು ನೋಡುವ ಆಟವನ್ನಾಗಿ ಮಾಡಿದರು. ಹೋಲಿಕೆ ಚಿಕ್ಕದೇ ಇರಬಹುದು. ಆದರೆ ರೋಮನರ ಯಾತನೆಯ ಮರವನ್ನು ರಕ್ಷಣೆಯ ಗುರುತಾಗಿ ಹಣೆಗೆ, ಎದೆಗೆ ಮುಟ್ಟಿಸಿಕೊಳ್ಳುವ ನಮಗೆ ಇದು ಅರ್ಥವಾಗದ ಮಾತಲ್ಲ.

ನಮ್ಮ ದೇಶದ ರಸಪ್ರಶ್ನೆಯ ಚರಿತ್ರೆ ಆರಂಭವಾಗುವುದು ಒಂದು ಧರ್ಮಕೇಂದ್ರದಲ್ಲಿ ಎಂಬುದನ್ನೂ ಇಲ್ಲಿ ನೆನೆಯೋಣ. ಭಾರತದ ಮೊದಲ ವ್ಯವಸ್ಥಿತ ರಸಪ್ರಶ್ನೆ ಸ್ಪರ್ಧೆಯನ್ನು ನೀಲ್ ಓಬ್ರಿಯನ್ ಅವರು 1967ರಲ್ಲಿ ಕಲ್ಕತ್ತೆಯ ಕ್ರಿಸ್ತರಾಜರ ದೇವಾಲಯದ ಸಭಾಂಗಣದಲ್ಲಿ ನಡೆಸಿದರು. ಆದ್ದರಿಂದ ನಮ್ಮ ಮಕ್ಕಳು ಧರ್ಮಕೇಂದ್ರದ ಬೈಬಲ್ ಕ್ವಿಜ್‌ಗೆ ಓದಿಕೊಳ್ಳುವಾಗ ಒಂದು ಒಳ್ಳೆಯ ಪರಂಪರೆಯನ್ನೇ ಮುಂದುವರಿಸುತ್ತಿದ್ದಾರೆ. ಹನ್ನೆರಡರ ಬಾಲಯೇಸು ಮಹಾದೇವಾಲಯದಲ್ಲಿ ಬೋಧಕರ ನಡುವೆ ಕುಳಿತು, ಅವರ ಮಾತು ಕೇಳುತ್ತಾ ಪ್ರಶ್ನೆಗಳನ್ನೂ ಹಾಕುತ್ತಿದ್ದುದನ್ನು ಸಂತ ಲೂಕರು ಬರೆದಿದ್ದಾರೆ. ತಿಳಿಯಬೇಕೆಂಬ ಹಂಬಲ ದೇವರು ಕೊಟ್ಟ ವರ. ಅದನ್ನು ಹದವರಿತು ಬೆಳೆಸುವುದು ಸದ್ಗುಣ, ಮೆರೆಯುವುದಕ್ಕಾಗಿ ಮಾತ್ರ ಬೆಳೆಸುವುದು ದೋಷ ಎಂದು ಸಂತ ತೋಮಸ್ ಅಕ್ವಿನಾಸರು ಕಲಿಸಿದ್ದಾರೆ.

ಈಗ ಸೆಮಿಫೈನಲ್‌ಗೆ ಬರೋಣ. ಮಾಸ್ಟರ್‌ಮೈಂಡ್‌ನ ಒಂದು ನಿಯಮ ನಮಗೆ ಪಾಠವಾಗಬಲ್ಲದು. ಮೊದಲ ಸುತ್ತಿನಲ್ಲಿ ಯಾವ ವಿಷಯವನ್ನು ಆರಿಸಿಕೊಂಡು ಗೆದ್ದಿರೋ ಅದನ್ನೇ ಸೆಮಿಫೈನಲ್‌ಗೆ ತರುವಂತಿಲ್ಲ. ಹೊಸ ವಿಷಯ ಓದಿಕೊಂಡು ಬರಬೇಕು. ಫೈನಲ್ ತಲುಪಿದರೆ ಮತ್ತೊಂದು. ನಿನ್ನೆಯ ಗೆಲುವು ನಿಮ್ಮನ್ನು ಬಾಗಿಲವರೆಗೆ ತಂದು ಬಿಡುತ್ತದೆ. ಒಳಗೆ ನಡೆಯಲು ಅದೊಂದೇ ಸಾಲದು.

ನಮ್ಮ ವಿಶ್ವಾಸದ ಬಾಳಿನಲ್ಲಿ ಹೇಗಿದೆ? ಪ್ರಥಮ ಪರಮಪ್ರಸಾದಕ್ಕೆಂದು ಕಲಿತ ಧರ್ಮೋಪದೇಶದ ಪ್ರಶ್ನೋತ್ತರಗಳಲ್ಲೇ ಐವತ್ತು ವರ್ಷ ಕಳೆದವರು ನಮ್ಮಲ್ಲಿ ಎಷ್ಟು ಜನ! ಎಂಟನೆಯ ವಯಸ್ಸಿನ ಉತ್ತರಗಳು ಎಂಟನೆಯ ವಯಸ್ಸಿನ ಪ್ರಶ್ನೆಗಳಿಗೆ ಸರಿಯಾದವು. ಮದುವೆಯಾದ ಮೇಲೆ ಬರುವ ಪ್ರಶ್ನೆ ಬೇರೆ. ಮಗ ದಾರಿ ತಪ್ಪಿದಾಗ, ಕಾಯಿಲೆಯ ವರದಿ ಕೈಗೆ ಬಂದಾಗ, ಮುಪ್ಪಿನಲ್ಲಿ ಮನೆ ಬರಿದಾದಾಗ ಕೇಳಿಬರುವ ಪ್ರಶ್ನೆಗಳು ಬೇರೆಯೇ. ಪ್ರತಿ ಸುತ್ತಿಗೂ ಶುಭಸಂದೇಶವನ್ನು ಮತ್ತೆ ತೆರೆದು ಕೂರಬೇಕು.

ಇನ್ನೊಂದು ನಿಯಮ ಇದಕ್ಕಿಂತ ಆಳವಾದುದು. ಉತ್ತರ ತಿಳಿಯದಿದ್ದರೆ ಸ್ಪರ್ಧಿ ‘ಪಾಸ್’ ಎಂದು ಹೇಳಬಹುದು. ಹೇಳಿದರೆ ಅಂಕವಿಲ್ಲ. ಆದರೆ ಹೇಳದೆ ತಡವರಿಸುತ್ತಾ ಕೂತರೆ ಗಡಿಯಾರ ಓಡುತ್ತದೆ, ಮುಂದೆ ಬರಬಹುದಾಗಿದ್ದ ಪ್ರಶ್ನೆಗಳೂ ಕೈತಪ್ಪುತ್ತವೆ. ಸೆಮಿಫೈನಲ್‌ನಲ್ಲಿ ಒಂದೆರಡು ಅಂಕಗಳ ಅಂತರದಲ್ಲಿ ಸೋಲುವವರಲ್ಲಿ ಕೆಲವರಿಗೆ ಕೊರತೆಯಾಗಿದ್ದು ವಿದ್ಯೆಯಲ್ಲ. ‘ಇದು ನನಗೆ ಗೊತ್ತಿಲ್ಲ’ ಎಂದು ಸಕಾಲದಲ್ಲಿ ಒಪ್ಪಿಕೊಳ್ಳುವ ಗುಣ. ಹಾಗೆ ಒಪ್ಪಿಕೊಂಡವರಿಗೆ ಸುತ್ತಿನ ಕೊನೆಯಲ್ಲಿ, ಬಿಟ್ಟ ಪ್ರಶ್ನೆಗಳ ಉತ್ತರವನ್ನೆಲ್ಲ ಪ್ರಶ್ನೆಗಾರರೇ ಓದಿ ಹೇಳುತ್ತಾರೆ!

ಶ್ರೀಗ್ರಂಥದಲ್ಲಿ ಈ ‘ಗೊತ್ತಿಲ್ಲ’ ಎಂಬ ಮಾತು ಎರಡು ಬಗೆಯಲ್ಲಿ ಬರುತ್ತದೆ. ಕಾಯಿನನನ್ನು ದೇವರು ತಮ್ಮನೆಲ್ಲಿ ಎಂದು ಕೇಳಿದಾಗ ಅವನು ಗೊತ್ತಿಲ್ಲ ಎಂದ. ಅವನಿಗೆ ಗೊತ್ತಿತ್ತು. ಪ್ರಧಾನಯಾಜಕರ ಅಂಗಳದಲ್ಲಿ ಬೆಂಕಿ ಕಾಯಿಸುತ್ತಿದ್ದ ಪೇತ್ರನನ್ನು ಒಬ್ಬ ದಾಸಿ ಕೇಳಿದಳು. ಆ ಮನುಷ್ಯನನ್ನು ನಾನರಿಯೆ ಎಂದ. ಅವನಿಗೂ ಚೆನ್ನಾಗಿ ಗೊತ್ತಿತ್ತು. ಇವು ಪಾಸ್ ಅಲ್ಲ, ಸುಳ್ಳು. ಪಕ್ಕದ ಮನೆಯ ಕಷ್ಟ ಕಣ್ಣಿಗೆ ಬಿದ್ದರೂ, ಒಡಹುಟ್ಟಿದವರಿಗೆ ಆಸ್ತಿಯಲ್ಲಿ ಅನ್ಯಾಯವಾದದ್ದು ತಿಳಿದಿದ್ದರೂ, ‘ನನಗೇನೂ ಗೊತ್ತಿಲ್ಲಪ್ಪ’ ಎಂದು ಜಾರಿಕೊಳ್ಳುವುದು ಈ ಜಾತಿಯದು.

ಇನ್ನೊಂದು ಬಗೆ ಸಂತ ಯೊವಾನ್ನರ ಶುಭಸಂದೇಶದ ಒಂಬತ್ತನೆಯ ಅಧ್ಯಾಯದಲ್ಲಿದೆ. ಹುಟ್ಟುಕುರುಡನಿಗೆ ಯೇಸು ದೃಷ್ಟಿ ಕೊಟ್ಟರು. ಫರಿಸಾಯರು ಅವನನ್ನು ಕರೆಸಿ ವಿಚಾರಣೆ ನಡೆಸಿದರು. ಒಮ್ಮೆಯಲ್ಲ, ಮತ್ತೆ ಕರೆಸಿ. ತಂದೆತಾಯಿಯರೂ ಹೆದರಿ ಹಿಂದೆ ಸರಿದರು. ಒಂಟಿಯಾಗಿ ನಿಂತ ಆ ಬಡವ ಏನೆಂದ? ಯೇಸು ಪಾಪಿಯೋ ಅಲ್ಲವೋ ತಾನರಿಯೆ, ತಾನು ಬಲ್ಲದ್ದು ಒಂದೇ, ಕುರುಡನಾಗಿದ್ದ ತನಗೆ ಈಗ ಕಣ್ಣು ಕಾಣುತ್ತಿದೆ ಎಂದ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದ, ಗೊತ್ತಿದ್ದನ್ನು ಬಿಟ್ಟುಕೊಡಲಿಲ್ಲ. ಅವರು ಅವನನ್ನು ಹೊರಗೆ ಹಾಕಿದರು. ಅಂದಿನ ಲೆಕ್ಕದಲ್ಲಿ ಅವನು ಸೋತವನು. ಆದರೆ ಹೊರಗೆ ಬಿದ್ದವನನ್ನು ಹುಡುಕಿಕೊಂಡು ಬಂದವರು ಯೇಸುವೇ. ಅವನು ಬಿಟ್ಟ ಪ್ರಶ್ನೆಗೆ ಉತ್ತರವಾಗಿ ತಮ್ಮನ್ನೇ ಅವನಿಗೆ ತೋರಿಸಿಕೊಟ್ಟರು.

ತಂದೆತಾಯಿಯರೇ, ಈ ಮಾತು ವಿಶೇಷವಾಗಿ ನಿಮಗೆ. ಟಿ.ವಿ.ಯಲ್ಲಿ ಒಂದು ಮಗು ಪಟಪಟನೆ ಉತ್ತರ ಹೇಳಿದಾಗ ಪಕ್ಕದಲ್ಲಿ ಕುಳಿತ ನಿಮ್ಮ ಮಗುವಿನತ್ತ ತಿರುಗಿ, ‘ನೋಡು, ನೀನೂ ಇದ್ದೀಯ’ ಎನ್ನಬೇಡಿ. ಹಾಗೆ ಕೇಳಿ ಕೇಳಿ ಬೆಳೆದ ಮಗು, ಗೊತ್ತಿಲ್ಲ ಎಂದು ಹೇಳಲು ನಾಚಿ, ಅಂಕಪಟ್ಟಿ ಮುಚ್ಚಿಡಲು ಕಲಿಯುತ್ತದೆ. ಇಂದು ಅಂಕಪಟ್ಟಿ, ನಾಳೆ ಸಾಲ, ನಾಡಿದ್ದು ಮನಸ್ಸಿನ ನೋವು. ಪರೀಕ್ಷೆಯಲ್ಲಿ ಸೋತು ಮನೆಗೆ ಬರಲು ಅಂಜಿ, ಬಾರದ ದಾರಿ ಹಿಡಿದ ಮಕ್ಕಳ ಸುದ್ದಿಯನ್ನು ನಾವು ಓದುತ್ತಲೇ ಇದ್ದೇವೆ. ಸೋತು ಬಂದ ಮಗುವಿಗೆ ಮನೆಯ ಬಾಗಿಲು ತೆರೆದಿದೆ ಎಂಬುದು ಫಲಿತಾಂಶ ಬರುವ ಮೊದಲೇ ಅದಕ್ಕೆ ತಿಳಿದಿರಲಿ. 1980ರಲ್ಲಿ ಮಾಸ್ಟರ್‌ಮೈಂಡ್ ಗೆದ್ದ ಫ್ರೆಡ್ ಹೌಸ್‌ಗೊ ಲಂಡನ್ನಿನ ಟ್ಯಾಕ್ಸಿ ಚಾಲಕ. ಯಾರ ತಲೆಯಲ್ಲಿ ಏನಿದೆ ಎಂದು ಅಂಕಪಟ್ಟಿ ನೋಡಿ ತೀರ್ಮಾನಿಸುವುದು ನಮ್ಮ ಕೆಲಸವಲ್ಲ.

ಮಾಸ್ಟರ್‌ಮೈಂಡ್ ಗೆದ್ದವರಿಗೆ ಸಿಗುವುದು ಹಣವಲ್ಲ, ಕೆತ್ತನೆಯ ಒಂದು ಗಾಜಿನ ಬೋಗುಣಿ. ಕೈಜಾರಿದರೆ ಒಡೆದೀತು. ಬಾಡಿಹೋಗುವ ಕಿರೀಟಕ್ಕಾಗಿ ಓಟಗಾರರು ಇಷ್ಟೆಲ್ಲ ಪಾಡುಪಡುವಾಗ, ಬಾಡದ ಕಿರೀಟಕ್ಕಾಗಿ ನಾವೆಷ್ಟು ಶ್ರಮಿಸಬೇಕು ಎಂದು ಸಂತ ಪೌಲರು ಕೊರಿಂಥದವರಿಗೆ ಬರೆದದ್ದು ಇಲ್ಲಿ ನೆನಪಾಗುತ್ತದೆ.

ಆ ಕಿರೀಟಕ್ಕೆ ಪ್ರಶ್ನೆ ಏನು? ಸಂತ ಮತ್ತಾಯರ ಇಪ್ಪತ್ತೈದನೆಯ ಅಧ್ಯಾಯವನ್ನು ಇಂದು ರಾತ್ರಿ ಜಪಮಾಲೆ ಮುಗಿಸಿ ಎಲ್ಲರೂ ಕೂಡಿ ಓದಿ. ಹಸಿದವನಿಗೆ ಅನ್ನ, ಬಾಯಾರಿದವನಿಗೆ ನೀರು, ರೋಗಿಗೆ ಆರೈಕೆ. ಅಲ್ಲಿ ಒಂದು ಸೋಜಿಗವಿದೆ. ಎಡಗಡೆಯವರೂ ಪ್ರಭುವನ್ನು ತಾವು ಯಾವಾಗ ಕಂಡೆವೆಂದು ಕೇಳುತ್ತಾರೆ, ಬಲಗಡೆಯವರೂ ಅದನ್ನೇ ಕೇಳುತ್ತಾರೆ. ನೀತಿವಂತರಿಗೂ ಉತ್ತರ ಗೊತ್ತಿರಲಿಲ್ಲ! ಆದರೂ ಅವರು ಒಳಗೆ ಹೋದರು. ಗೊತ್ತಿಲ್ಲದೆಯೇ ಅವರ ಕೈಗಳು ಉತ್ತರ ಬರೆದಿದ್ದವು.

ಹೆಚ್ಚು ತಿಳಿಯುವ ಆಸೆಯನ್ನೂ, ತಿಳಿಯದ್ದನ್ನು ಒಪ್ಪಿಕೊಳ್ಳುವ ದೀನತೆಯನ್ನೂ, ತಿಳಿದದ್ದನ್ನು ನಡೆಸುವ ಶಕ್ತಿಯನ್ನೂ ಪವಿತ್ರಾತ್ಮರು ನಮ್ಮ ಮನೆಗಳಿಗೆ ದಯಪಾಲಿಸಲಿ.