ಹೊರೆ ಹೊತ್ತವರು ಯಾರು?

ವಾಕ್ಯಭಾಗ: 1 ಅರಸುಗಳು 5:13-18; 12:1-19

ಎಲ್ಲರೂ ಬೈಬಲ್ ತೆಗೆಯಿರಿ. ಮೊಬೈಲ್‌ನಲ್ಲಿ ಓದೋರು ವಾಟ್ಸಾಪ್ ಮುಚ್ಚಿ ಓದಿ.

ಸೊಲೊಮೋನನ ದೇವಾಲಯದ ಮೇಲೆ ಎಷ್ಟೋ ಪ್ರಸಂಗ ಕೇಳಿದ್ದೀರಿ. ಬಂಗಾರ, ದೇವದಾರು ಮರ, ಆಲಯವನ್ನು ತುಂಬಿದ ಮಹಿಮೆ. ಆದರೆ 5ನೇ ಅಧ್ಯಾಯದ 15ನೇ ವಚನದ ಮೇಲೆ ಯಾರಾದ್ರೂ ಪ್ರಸಂಗ ಕೇಳಿದ್ದೀರಾ? ಹೊರೆ ಹೊರುವವರು 70,000 ಜನ. ಬೆಟ್ಟದಲ್ಲಿ ಕಲ್ಲು ಕಡಿಯುವವರು 80,000. ಒಬ್ಬನ ಹೆಸರೂ ಅಲ್ಲಿಲ್ಲ. ಆದರೂ ಪವಿತ್ರಾತ್ಮನು ಅವರ ಲೆಕ್ಕ ಬರೆಸಿಟ್ಟಿದ್ದಾನೆ.

ಯಾಕೆ ಇದನ್ನು ಇವತ್ತು ತೆಗೆದೆ ಅಂದ್ರೆ, ನಮ್ಮ ಯೌವನಸ್ಥರಲ್ಲಿ ಈಗ ಟ್ರೆಕ್ಕಿಂಗ್ ಜೋರು. ಕುಮಾರಪರ್ವತ ಮುಗೀತು, ಇನ್ನು ಎವರೆಸ್ಟ್ ಬೇಸ್ ಕ್ಯಾಂಪ್, ಕಿಲಿಮಂಜಾರೋ ಅಂತೀರಿ. ಸಂತೋಷ. ಬೆಟ್ಟಗಳನ್ನು ಉಂಟುಮಾಡಿದವನು ನಮ್ಮ ದೇವರೇ. ವಾಪಸ್ ಬಂದು ಸಾಕ್ಷಿ ಹೇಳ್ತೀರಿ: ಕರ್ತನು ಬಲ ಕೊಟ್ಟನು, ತುದಿ ಮುಟ್ಟಿದೆ. ಆಮೆನ್! ಆದರೆ ನಿಮ್ಮ ಟೆಂಟು, ಗ್ಯಾಸ್ ಸಿಲಿಂಡರ್, ಊಟದ ಮೇಜು, ಕುರ್ಚಿ ಯಾರ ಬೆನ್ನ ಮೇಲೆ ಹೋಯ್ತು? ಸಾಕ್ಷಿಯಲ್ಲಿ ಅವನು ಯಾಕೆ ಬರಲ್ಲ?

ಟಾಂಜಾನಿಯಾದ ಕಿಲಿಮಂಜಾರೋ 5,895 ಮೀಟರ್. ಅಲ್ಲಿ ಒಬ್ಬ ಹಮಾಲಿ ಕಂಪನಿಯ ಸಾಮಾನು 20 ಕಿಲೋಗಿಂತ ಹೆಚ್ಚು ಹೊರಬಾರದು ಅಂತ ನಿಯಮ ಇದೆ. ಗೇಟಲ್ಲಿ ತಕ್ಕಡಿಯೂ ಇದೆ. ಗೇಟ್ ದಾಟಿದ ಮೇಲೆ ಇನ್ನಷ್ಟು ಹೇರುವ ಕಂಪನಿಗಳೂ ಇವೆ. ಈಗ ಲೆಕ್ಕ ಕೇಳಿ, ನೀವು ಸಾಫ್ಟ್‌ವೇರ್‌ನವರು, ಬೇಗ ಅರ್ಥ ಆಗುತ್ತೆ. ಪಾರ್ಕಿನ ಶುಲ್ಕ ಸರ್ಕಾರದ್ದು, ಅದನ್ನು ಯಾವ ಕಂಪನಿಯೂ ಇಳಿಸೋಕಾಗಲ್ಲ. ಹಾಗಿದ್ರೆ ಒಬ್ಬ ತೀರಾ ಅಗ್ಗಕ್ಕೆ ಕರಕೊಂಡು ಹೋಗ್ತೀನಿ ಅಂದ್ರೆ ಎಲ್ಲಿ ಉಳಿಸ್ತಾನೆ? ಹೊರುವವನ ಕೂಲಿಯಲ್ಲಿ, ಅವನ ಊಟದಲ್ಲಿ, ಅವನು ಮಲಗುವ ಟೆಂಟಲ್ಲಿ. ನಿಮಗೆ ಸಿಕ್ಕ ಡಿಸ್ಕೌಂಟ್ ಅವನ ತಟ್ಟೆಯಿಂದ ಬಂದದ್ದು.

ನೇಪಾಳದಲ್ಲಿ ಒಬ್ಬ ಹಮಾಲಿ ಎತ್ತರದ ಕಾಯಿಲೆ ಬಂದು, ನೋಡಿಕೊಳ್ಳುವವರಿಲ್ಲದೆ ಸತ್ತ. ಆಮೇಲೆ 1997ರಲ್ಲಿ ಹಮಾಲಿಗಳ ರಕ್ಷಣೆಗೆ ಅಂತಾನೇ ಒಂದು ಅಂತರರಾಷ್ಟ್ರೀಯ ಸಂಘ ಹುಟ್ಟಿತು. ಕಾಯಿಲೆ ಬಿದ್ದವನನ್ನು ಒಬ್ಬನೇ ಕೆಳಗೆ ಕಳಿಸಬೇಡಿ, ಅವನ ಭಾಷೆ ಬಲ್ಲವನನ್ನು ಜೊತೆಗೆ ಕಳಿಸಿ ಅನ್ನೋದು ಅವರ ನಿಯಮಗಳಲ್ಲಿ ಒಂದು. ಇಂಥದ್ದನ್ನೂ ಬರೆದು ಹೇಳಬೇಕಾಗಿ ಬಂತಲ್ಲ, ಪ್ರಿಯರೇ!

2014ರ ಏಪ್ರಿಲ್ 18. ಆ ದಿನ ಶುಭ ಶುಕ್ರವಾರ. ನಾವೆಲ್ಲ ಸಭೆಗಳಲ್ಲಿ ಶಿಲುಬೆಯನ್ನು ಧ್ಯಾನಿಸ್ತಿದ್ದ ದಿನ ಎವರೆಸ್ಟಿನ ಖುಂಬು ಹಿಮಪ್ರಪಾತದಲ್ಲಿ ಮಂಜುಗಡ್ಡೆ ಕುಸಿದು 16 ನೇಪಾಳಿ ಕೆಲಸಗಾರರು ಸತ್ತರು. ಬೇರೆಯವರ ಹೊರೆಯನ್ನು ಮೇಲಿನ ಕ್ಯಾಂಪಿಗೆ ಸಾಗಿಸುವ ಕೆಲಸ ಅವರದು. ಅಂತ್ಯಕ್ರಿಯೆಗೆ ಅಂತ ಸರ್ಕಾರ ಮೊದಲು ಹೇಳಿದ್ದು ಕುಟುಂಬಕ್ಕೆ 40,000 ನೇಪಾಳಿ ರೂಪಾಯಿ. ಶೆರ್ಪಾಗಳು ಸಿಟ್ಟಿನಿಂದ ಎದ್ದರು, ಆ ವರ್ಷ ನೇಪಾಳದ ಕಡೆಯಿಂದ ಆರೋಹಣವೇ ಹೆಚ್ಚುಕಡಿಮೆ ನಿಂತುಹೋಯ್ತು.

ಈಗ 12ನೇ ಅಧ್ಯಾಯಕ್ಕೆ ಬನ್ನಿ. ಸೊಲೊಮೋನ ಸತ್ತ. ಜನರು ಅವನ ಮಗ ರೆಹಬ್ಬಾಮನ ಹತ್ರ ಬಂದು ಕೇಳಿದ್ದು ಒಂದೇ: ನಿಮ್ಮ ತಂದೆ ಹೇರಿದ ನೊಗ ಭಾರ ಆಯ್ತು, ಸ್ವಲ್ಪ ಹಗುರ ಮಾಡಿ. ಹಿರಿಯರು ಮಾಡು ಅಂದ್ರು. ಜೊತೆಗೆ ಬೆಳೆದ ಯೌವನಸ್ಥರು, ನಿಮ್ಮ ವಯಸ್ಸಿನವರೇ, ಇನ್ನೂ ಹೇರು ಅಂದ್ರು. ಅವನು ಗೆಳೆಯರ ಮಾತು ಕೇಳಿದ. ರಾಜ್ಯ ಎರಡಾಯ್ತು. ಬಿಟ್ಟಿಕೆಲಸದ ಮೇಲ್ವಿಚಾರಕನನ್ನು ಜನ ಕಲ್ಲೆಸೆದು ಕೊಂದರು. ಆಲಯವನ್ನು ಮಹಿಮೆ ತುಂಬಿತ್ತು, ನಿಜ. ಆ ಮಹಿಮೆ ಇತ್ತು ಅಂತ ಕೂಲಿಯವನ ಕೂಗನ್ನು ದೇವರು ತಳ್ಳಿಹಾಕಲಿಲ್ಲ. ಯಾಕೋಬ 5:4ನ್ನು ಮನೆಗೆ ಹೋಗಿ ಓದಿ. ಕೊಡದೆ ಹಿಡಿದ ಕೂಲಿಗೇ ಬಾಯಿ ಬರುತ್ತೆ ಅಲ್ಲಿ.

ನಮ್ಮ ಕರ್ತನ ಶಿಲುಬೆಯನ್ನೂ ಒಬ್ಬ ಹೊತ್ತ. ಆಫ್ರಿಕಾದ ಕುರೇನ್ಯದವನು, ದಾರಿಯಲ್ಲಿ ಹೋಗ್ತಿದ್ದವನನ್ನು ಬಲವಂತವಾಗಿ ಹಿಡಿದು ಹೊರಿಸಿದರು. ರೋಮ್ ಸೈನಿಕರಿಗೆ ಅವನ ಹೆಸರು ಬೇಕಿರಲಿಲ್ಲ. ಮಾರ್ಕ 15:21 ನೋಡಿ: ಅವನು ಸೀಮೋನ, ಅವನ ಮಕ್ಕಳು ಅಲೆಕ್ಸಾಂದ್ರ ಮತ್ತು ರೂಫ. ಹಲ್ಲೆಲೂಯಾ!

ಡಿಸೆಂಬರ್ ರಜೆಗೆ ಬುಕ್ ಮಾಡಿದವರು ಇಲ್ಲಿ ಇದ್ದೀರಿ, ನನಗೆ ಗೊತ್ತು. ಇವತ್ತೇ ಕಂಪನಿಗೆ ಫೋನ್ ಮಾಡಿ. ಹೊರುವವರಿಗೆ ದಿನಕ್ಕೆ ಎಷ್ಟು ಕೊಡ್ತೀರಿ, ಎಷ್ಟು ಕಿಲೋ ಹೊರಿಸ್ತೀರಿ, ಎಷ್ಟು ಹೊತ್ತು ಊಟ, ಬೆಚ್ಚನೆ ಬಟ್ಟೆ ಇದೆಯಾ, ವಿಮೆ ಇದೆಯಾ ಅಂತ ಕೇಳಿ. ಉತ್ತರ ತಡವರಿಸಿದ್ರೆ ಬೇರೆ ಕಂಪನಿ ನೋಡಿ, ದುಡ್ಡು ಹೆಚ್ಚಾದ್ರೂ ಪರವಾಗಿಲ್ಲ. ಕಿಲಿಮಂಜಾರೋಗೆ ಹೋಗೋರಿಗೆ ಸುಲಭ: ಹಮಾಲಿಗಳನ್ನು ಸರಿಯಾಗಿ ನಡೆಸಿಕೊಳ್ಳುವ ಕಂಪನಿಗಳ ಪಟ್ಟಿಯನ್ನು ಅಲ್ಲಿಯ ಹಮಾಲಿ ನೆರವು ಸಂಸ್ಥೆಯೇ ಇಟ್ಟಿದೆ. ಟಿಪ್ಸನ್ನು ಗೈಡ್ ಕೈಗೆ ಒಟ್ಟಾಗಿ ಕೊಟ್ಟು ಸುಮ್ಮನಾಗಬೇಡಿ, ಒಬ್ಬೊಬ್ಬನಿಗೆ ಎಷ್ಟು ಅಂತ ಎಲ್ಲರೆದುರು ಹೇಳಿ. ಮೊದಲನೇ ದಿನವೇ ಅವನ ಹೆಸರು ಕೇಳಿಕೊಳ್ಳಿ.

ಎದ್ದು ನಿಲ್ಲಿ, ಪ್ರಾರ್ಥಿಸೋಣ.